ಅತ್ತೆಯ ಪ್ರಸಂಗ, ನನ್ನ ಟ್ರಾನ್ಸ್‌ಲೇಷನ್

ನಮ್ಮತ್ತೆಯ ಮೇಲೆ ಪವಿತ್ರಾತ್ಮ ಇಳಿದು ಪ್ರಸಂಗ ಶುರುವಾಗುವ ಲಕ್ಷಣ ಕಂಡರೆ ಸಾಕು, ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದವಳು ನಾನು! ಭಕ್ತಿ ಇಲ್ಲದೆ ಅಲ್ಲ. ಕ್ರೈಸ್ತ ಮನೆಯಲ್ಲೇ ಹುಟ್ಟಿದವಳು, ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಆದರೆ ಅಲ್ಲಿ ಸಿಸ್ಟರ್‌ಗಳು ಕಲಿಸಿದ್ದು, ‘ಲೇಡೀಸ್ ಡೋಂಟ್ ರೇಯ್ಸ್ ದೇರ್ ವಾಯ್ಸ್.’ ಅತ್ತೆಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಎಪ್ಪತ್ತರ ದಶಕ. ನನ್ನ ಗಂಡ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಅತ್ತೆ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಊರಿನಲ್ಲಿ ಮೂವತ್ತು ವರ್ಷ, ಮಿಷನ್ನಿನ ದೊರೆಸಾನಿಯರ ಇಂಗ್ಲಿಷ್ ಪ್ರಸಂಗವನ್ನು ಪಕ್ಕದಲ್ಲೇ ನಿಂತು ವಾಕ್ಯ ವಾಕ್ಯವಾಗಿ ಕನ್ನಡ ಮಾಡಿ ಹೇಳುತ್ತಿದ್ದವರು. ಇಂಗ್ಲಿಷ್ ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಆ ಭಾಷೆಯಲ್ಲಿ ಪ್ರಸಂಗ ಮಾಡಲು ಮಾತ್ರ ಸುತರಾಂ ಒಪ್ಪರು.

"ಪವಿತ್ರಾತ್ಮ ನನಗೆ ಬರೋದು ಕನ್ನಡದಲ್ಲಿ ಕಣೇ. ಇಂಗ್ಲಿಷಿನಲ್ಲಿ ಬರೀ ಗ್ರಾಮರ್ ಬರುತ್ತೆ. ಇಂಗ್ಲಿಷ್ ನೀನು ಮಾಡು!"

ಮಾಡದೆ ಇರುವುದುಂಟೆ? ವ್ಯಾಕ್ಯೂಮ್ ಕ್ಲೀನರ್ ಮಾರಲು ಬಂದವನನ್ನು ಸೋಫಾದಲ್ಲಿ ಕೂರಿಸಿ, ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರು ನ್ಯಾಯಸಭೆಯ ಎದುರು ನಿಂತ ಕಥೆ ಶುರು ಮಾಡಿದರು. "ಪೇತ್ರ ಮೀನು ಹಿಡಿಯೋನು, ಓದು ಬರಹ ಇಲ್ಲದವನು. ಅಷ್ಟು ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿದ. ನೀನು ಬೂಟು ಪಾಲಿಶ್ ಮಾಡ್ಕೊಂಡು ಬಂದು ಧೂಳಿನ ವಿಷಯದಲ್ಲಿ ಸುಳ್ಳು ಹೇಳ್ತೀಯಲ್ಲ, ನಾಚಿಕೆ ಆಗಲ್ವಾ ಅಂತ ಕೇಳು."

"ಮೈ ಮದರ್-ಇನ್-ಲಾ ಥಿಂಕ್ಸ್ ಇಟ್ಸ್ ಎ ಲಿಟಲ್ ಎಕ್ಸ್‌ಪೆನ್ಸಿವ್," ಎಂದೆ.

ಅತ್ತೆ ದುರುಗುಟ್ಟಿದ್ದು ಅವನನ್ನಲ್ಲ, ನನ್ನನ್ನು. ಆದರೂ ಅವನು ಬ್ರಷ್ ಬಿಟ್ಟು ಓಡಿಹೋದ!

ಇಷ್ಟಕ್ಕೇ ನಿಂತಿದ್ದರೆ ನಗುತ್ತಲೇ ಮುಗಿಸುತ್ತಿದ್ದೆ. ಹಿಮ ಕರಗುವ ಹೊತ್ತಿಗೆ, ಬಿಳಿಯರೇ ತುಂಬಿದ್ದ ನಮ್ಮ ಚರ್ಚಿಗೆ ಕಪ್ಪು ಜನಾಂಗದ ಒಬ್ಬ ನರ್ಸ್, ಇಬ್ಬರು ಹೆಣ್ಣುಮಕ್ಕಳ ಜೊತೆ ಬರತೊಡಗಿದಳು. ಮೆಂಬರ್‌ಶಿಪ್‌ಗೆ ಅಪ್ಲೈ ಮಾಡಿದಳು. ಕಮಿಟಿ ಕೂತಿತು, ಎದ್ದಿತು, ಮುಂದೂಡಿತು. ‘ಅವರ ಜನರ ಚರ್ಚಿನಲ್ಲೇ ಅವರಿಗೆ ಕಂಫರ್ಟಬಲ್’ ಅಂತೆ! ನಮ್ಮನ್ನಾದರೆ ಒಂದೇ ವಾರದಲ್ಲಿ ಸೇರಿಸಿಕೊಂಡಿದ್ದರು. ಯಾಕೆ ಹೇಳಿ? ಊರಿಗೆಲ್ಲ ಇರುವುದು ನಮ್ಮದೊಂದೇ ಇಂಡಿಯನ್ ಮನೆ, ಸೀರೆ ನೋಡಲು ಚೆಂದ, ನಮ್ಮ ಹಿಂದೆ ಇನ್ನೊಂದು ಮನೆ ಬರುವ ಭಯವಿಲ್ಲ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಆವತ್ತು ಉರಿಯಲಿಲ್ಲವಲ್ಲ ಎಂದು ಇನ್ನಷ್ಟು ಉರಿಯುತ್ತದೆ. ಕಮಿಟಿಯ ಚೇರ್ಮನ್ ನನ್ನ ಗಂಡನ ಬಾಸ್. ಕಾರ್ಖಾನೆಯಲ್ಲಿ ವಾರಕ್ಕೊಂದು ಲೇಆಫ್ ಪಟ್ಟಿ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ನೆನಪಿನ ಪಂಚಾಶತ್ತಮ ಹಬ್ಬದ ಭಾನುವಾರ ‘ಇಂಡಿಯಾದ ಗ್ರ್ಯಾಂಡ್ಮಾ’ಗೆ ಐದು ನಿಮಿಷ ಕೊಟ್ಟರು. ಹಾವು, ಹುಲಿ, ಅನಾಥ ಮಕ್ಕಳು ಬರುತ್ತಾರೆಂದು ಎಲ್ಲರೂ ಕಾದರು. ಬಂದವನು ಕೊರ್ನೇಲ್ಯ!

"ಕೊರ್ನೇಲ್ಯ ರೋಮಿನ ಸೈನ್ಯದವನು, ಯೆಹೂದ್ಯನಲ್ಲ, ಹೊರಗಿನವನು. ಪೇತ್ರ ಅವನ ಮನೇಲಿ ಇನ್ನೂ ಮಾತಾಡ್ತಾ ಇದ್ದ ಹಾಗೇ ಆ ಮನೆಯವರ ಮೇಲೆ ಪವಿತ್ರಾತ್ಮ ಇಳೀತು. ಯಾವ ಕಮಿಟೀನೂ ಕೂತಿರಲಿಲ್ಲ! ದೇವರು ಸೇರಿಸ್ಕೊಂಡವರನ್ನ ಬಾಗಿಲಲ್ಲಿ ನಿಲ್ಸೋಕೆ ನೀವ್ಯಾರ್ರೀ?"

ನಾನು ಮುಗುಳ್ನಕ್ಕು, "ಷಿ ಸೇಸ್ ಗಾಡ್ ವೆಲ್ಕಮ್ಸ್ ಎವ್ರಿಬಡಿ," ಎಂದೆ. ಬಾಸ್ ಕೂಡ ತಲೆಯಾಡಿಸಿದರು.

ಅತ್ತೆ ಅದನ್ನೇ ಮತ್ತೆ, ಇನ್ನೂ ಗಟ್ಟಿಯಾಗಿ ಹೇಳಿದರು.

"ಷಿ ಲವ್ಸ್ ಯುವರ್ ಚರ್ಚ್."

ಮೂರನೇ ಸಲ ಬೆಂಚು ಗುದ್ದಿ ಹೇಳಿದರು.

"ಥ್ಯಾಂಕ್ ಯೂ," ಎಂದೆ. ಚಪ್ಪಾಳೆಯೋ ಚಪ್ಪಾಳೆ! ಹಿಂದಿನ ಸಾಲಿನ ಆ ನರ್ಸ್ ಒಬ್ಬಳೇ ತಟ್ಟಲಿಲ್ಲ. ಕನ್ನಡ ಬಾರದಿದ್ದರೂ ಅತ್ತೆಯ ಮುಖ ಓದಿದ್ದಳು.

ಆರಾಧನೆ ಮುಗಿದ ಮೇಲೆ ಗಂಡ ಬಾಸ್ ಜೊತೆ ಚರ್ಚಿನ ಹಾಲ್‌ಗೆ ಕಾಫಿಗೆ ಹೋದರು. ನಾನು ಅತ್ತೆಯನ್ನು ಪಾರ್ಕಿಂಗ್ ಲಾಟಿಗೆ ಎಳೆತಂದು ಕೂಗಾಡಿದೆ. "ನಿಮಗೆ ಇಂಗ್ಲಿಷ್ ಬರುತ್ತಲ್ಲ ಅತ್ತೆ! ನೀವೇ ಹೇಳಬೇಕಿತ್ತು! ನಮ್ಮ ಹೊಟ್ಟೆ ಮೇಲೆ ಹೊಡ್ಕೊಳ್ಳೋಕೆ ನಾನೇ ಬೇಕಿತ್ತಾ?"

"ನಾನು ಹದಿನೈದು ದಿನದಲ್ಲಿ ವಿಮಾನ ಹತ್ತೋಳು. ಇಲ್ಲಿ ಅವಳ ಪಕ್ಕ ಕೂರಬೇಕಾದೋಳು ನೀನು. ಆ ಮಾತು ನಿನ್ನ ಬಾಯಲ್ಲಿ ಬಂದ್ರೆ ತಾನೇ ಬೆಲೆ?"

ಆಚೆ ಕಾರಿಗೆ ಆ ನರ್ಸ್ ಮಕ್ಕಳನ್ನು ಹತ್ತಿಸುತ್ತಿದ್ದಳು. ನೇರ ಹೋಗಿ, ಅತ್ತೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿ, ಸಾರಿ ಎಂದೆ. ಅವಳು ಕಾರಿನ ಬಾಗಿಲನ್ನು ಧಡಾರೆಂದು ಮುಚ್ಚಿದಳು.

"ಡೋಂಟ್ ಟೆಲ್ ಮಿ, ಹನಿ. ಟೆಲ್ ದೆಮ್." ಗದ್ದ ಎತ್ತಿ, ಎಲ್ಲರೂ ಕಾಫಿ ಕುಡಿಯುತ್ತಿದ್ದ ಹಾಲ್ ಕಡೆ ತೋರಿಸಿದಳು.

ಸಿಟ್ಟು ಬಂತು. ಅವಳ ಮೇಲೆ, ಅತ್ತೆಯ ಮೇಲೆ, ಸಿಸ್ಟರ್‌ಗಳ ಮೇಲೆ. ಸುತ್ತಿ ಸುತ್ತಿ ಕೊನೆಗೆ ನನ್ನ ಮೇಲೆಯೇ ಬಂದು ನಿಂತಿತು. ಹಾಲ್ ಕಡೆ ತಿರುಗಿದೆ. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಡಿ ಮಗಳೇ," ಎಂದರು. "ಈ ಸಲ ಪ್ರಸಂಗ ನೀನು ಮಾಡು. ಕನ್ನಡ ನಾನು ಮಾಡ್ತೀನಿ."