ಮೂಗು ಸವೆದ ಡಾಲರು

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ಮೇಲೆ ಬೀದರಿನ ನೌಬಾದದ ಮನೆಯಲ್ಲಿ ನೆಮ್ಮದಿಯಾಗಿ ಇರೋಣ ಅಂದುಕೊಂಡಿದ್ದೆ. ಆದರೆ ನನಗೆ ಹಳೇ ನಾಣ್ಯಗಳ ಹುಚ್ಚು ಅನ್ನುವ ಸುದ್ದಿ ನನಗಿಂತ ಮೊದಲೇ ಊರೆಲ್ಲ ಸುತ್ತಿಬಿಟ್ಟಿದೆ. ಹೀಗಾಗಿ ಬಾಗಿಲು ಬಡಿಯುವವರು ತಪ್ಪುವುದಿಲ್ಲ. ಸೆರಗಿನ ಗಂಟಿನಿಂದ, ಅಂಗಿಯ ಒಳಕಿಸೆಯಿಂದ, ಒಮ್ಮೆ ಎಲೆಅಡಿಕೆ ಡಬ್ಬಿಯಿಂದಲೂ ಒಂದು ನಾಣ್ಯ ಹೊರಬರುತ್ತದೆ. "ಇದರ ಕಂಡೀಷನ್ ಹ್ಯಾಂಗದ ನೋಡ್ರಿ ಅಕ್ಕೋರ" ಅನ್ನುತ್ತಾರೆ. ನಾನು ನೋಡುವುದು ನಾಣ್ಯವನ್ನೇ. ನೆನಪಿನಲ್ಲಿ ಉಳಿಯುವುದು ಮಾತ್ರ ತಂದವರ ಮುಖ.

ಹಾರಿದ ಡಾಲರು

ಅಷ್ಟೂರಿನ ರೈತರೊಬ್ಬರು ದೊಡ್ಡದೊಂದು ಡಾಲರು, ಅಂದರೆ ಅಮೆರಿಕದ ನಾಣ್ಯ, ತಂದರು. ಹಳೇ ಸಾಮಾನು ಮಾರುವವನೊಬ್ಬ ಅದು ಬಹಮನಿ ಸುಲ್ತಾನರ ಕಾಲದ ಬೆಳ್ಳಿ ಅಂತ ಹೇಳಿ ಕೊಟ್ಟಿದ್ದನಂತೆ.

"ಮ್ಯಾಲ ಇಂಗ್ಲಿಷ್ ಅಕ್ಷರ ಅವಲ್ರಿ? ಸುಲ್ತಾನರಿಗೆ ಇಂಗ್ಲಿಷ್ ಬರ್ತಿತ್ತೇನು?" ಎಂದೆ.

"ದೊಡ್ಡ ಮಂದಿರಿ. ಕಲ್ತಿರಬೇಕು."

ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿದ್ದ ಅಯಸ್ಕಾಂತ ಕಿತ್ತು ತಂದು ಹತ್ತಿರ ಹಿಡಿದೆ. ಡಾಲರು ಟಪ್ಪಂತ ಹಾರಿ ಅಂಟಿಕೊಂಡಿತು. ಪಾಪ, ಇವರಿಗೆ ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದರೆ, ಅವರು ಎದ್ದು ನಿಂತು ಕೈ ಮುಗಿದುಬಿಟ್ಟರು.

"ನೋಡಿದ್ರಿ? ಎಂಥಾ ಶಕ್ತಿ ಅದ ಇದರಾಗ!"

"ಶಕ್ತಿ ಅಲ್ಲರಿ, ಇದು ಕಬ್ಬಿಣ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಮ್ಮ ಮನಿ ಗೇಟೂ ಕಬ್ಬಿಣದ್ದೇ ಅದ ಅಕ್ಕೋರ. ಅದು ಒಮ್ಮೆರೆ ಹಿಂಗ ಹಾರೇದೇನ್ರಿ?"

ಗುಡ್ ಅಂದರೆ

ಔರಾದಿನ ಕಿರಾಣಿ ಸಾಹುಕಾರರು ತಂದದ್ದು ಖರೇ ಬೆಳ್ಳಿಯ ಡಾಲರು, ಅವರ ಅಜ್ಜನ ಕಾಲದ್ದು. ಆದರೆ ಕೈಯಿಂದ ಕೈಗೆ ಓಡಾಡಿ ಹಪ್ಪಳದ ಹಾಗೆ ನುಣ್ಣಗಾಗಿತ್ತು. ಚಿತ್ರದ ಹೊರಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಇದರ ದರ್ಜೆ ಗುಡ್ ರೀ" ಎಂದೆ.

ಸಾಹುಕಾರರ ಮುಖ ಅರಳಿತು. ಅಲ್ಲಿಂದಲೇ ಮನೆಗೆ ಫೋನು ಹಚ್ಚಿ, "ಗುಡ್ ಅಂತ! ಪೇಢೆ ತರಸ್ರಿ!" ಎಂದು ಕೂಗಿದರು. ಇನ್ನು ಸುಮ್ಮನಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಅನ್ನಿಸಿ ತಿಳಿಸಿ ಹೇಳಿದೆ. "ನಾಣ್ಯದ ಮಂದಿ ಭಾಳ ಸಂಕೋಚದವರು ಇರ್ತಾರ್ರಿ. ಕೆಟ್ಟದ್ದು ಅನ್ನಲಿಕ್ಕೆ ಅವರಿಗೆ ಬಾಯಿ ಬರಂಗಿಲ್ಲ. ಗುಡ್ ಅಂದ್ರ ಪೂರಾ ಸವದದ ಅಂತ. ವೆರಿ ಗುಡ್ ಅಂದ್ರ ತುಸು ಏನೋ ಕಾಣ್ತದ ಅಂತ. ಫೈನ್ ಅಂದ್ರ, ಹ್ಞೂಂ, ನಡೀತದ ಅಂತ."

ಸಾಹುಕಾರರು ಫೋನು ಕಿಸೆಯಲ್ಲಿಟ್ಟು ಹಣೆ ಒತ್ತಿಕೊಂಡರು. ಡಾಲರಿನ ಚಿಂತೆ ಅಂದುಕೊಂಡೆ.

"ಅಕ್ಕೋರ, ಲಗ್ನದ ಮುಂಚೆ ನಮ್ಮ ಅಳಿಯನ ಬಗ್ಗಿ ವಿಚಾರಿಸಿದಾಗ ಎಲ್ಲಾರೂ 'ಹುಡುಗ ಗುಡ್ ಅದಾನ' ಅಂದಿದ್ರು. ಅವರೂ ನಾಣ್ಯದ ಮಂದೀನೇ ಇರಬೇಕು."

ಒಂದು ಕಡೆ ಬೋಳು

ಭಾಲ್ಕಿಯಿಂದ ಬಂದ ಅಜ್ಜ ಅಜ್ಜಿಯದು ಬೇರೆಯೇ ಮಾತು. ಅಜ್ಜ ಹರೆಯದಲ್ಲಿ ಮುಂಬಯಿಗೆ ಹೋಗಿ ಸರಕಿನ ಹಡಗಿನ ಅಡುಗೆಮನೆಯಲ್ಲಿ ದುಡಿದವರು. ಅಮೆರಿಕದ ಬಂದರಿನಲ್ಲಿ ಹಡಗಿನ ಅಧಿಕಾರಿಯೊಬ್ಬ ಇವರು ಮಾಡಿದ ಕಡಲೆಹಿಟ್ಟಿನ ಝುಣಕ ತಿಂದು ಖುಷಿಯಾಗಿ ಒಂದು ಬೆಳ್ಳಿ ಡಾಲರು ಕೊಟ್ಟನಂತೆ. ಸಮುದ್ರವನ್ನೇ ಕಾಣದ ಊರಿನಲ್ಲಿ ಹಡಗಿನ ಕಥೆಗೆ ಇದ್ದ ಸಾಕ್ಷಿ ಅದೊಂದೇ. ಈಗ ಅಂಗಡಿಯವನೊಬ್ಬ ಅದನ್ನು ತಿರುವಿ ಮುರುವಿ ನೋಡಿ, "ಒಂದ್ ಕಡಿ ಬೋಳು, ಒಂದ್ ಕಡಿ ಹೊಸಾದು. ಖರೇ ನಾಣ್ಯ ಹಿಂಗ ಸವಿಯಂಗಿಲ್ಲ. ನಕಲಿ" ಅಂದುಬಿಟ್ಟಿದ್ದ. ಕಟ್ಟೆಯ ಮೇಲಿನ ಗೆಳೆಯರು, "ಡಾಲರೂ ಸುಳ್ಳು, ಹಡಗೂ ಸುಳ್ಳು" ಎಂದು ನಕ್ಕಿದ್ದರು. ಅಂದಿನಿಂದ ಅಜ್ಜ ಕಟ್ಟೆಯ ಕಡೆ ಹೋಗಿರಲಿಲ್ಲ.

"ಊಟಾನೂ ಸರಿ ಮಾಡವಲ್ರು ಇವರು" ಅಂದರು ಅಜ್ಜಿ, ನೆಲ ನೋಡುತ್ತ.

ನಾನು ತೂಗಿ ನೋಡಿದೆ. ಸವೆದಷ್ಟು ಕಡಿಮೆ ಇತ್ತು, ಅಷ್ಟೇ. ಅಂಚಿನ ಸಣ್ಣ ಹಲ್ಲುಗಳು ಒಂದೇ ಸಮ ಇದ್ದವು. ಬೆರಳ ತುದಿಯ ಮೇಲಿಟ್ಟು ಮೆಲ್ಲಗೆ ಬಡಿದರೆ ಪೂಜೆಯ ಗಂಟೆಯ ಹಾಗೆ ದನಿ ಎಳೆಯಿತು.

"ಇದು ಖರೇ ಡಾಲರ್ ಅದ ಅಜ್ಜಾರ."

ಅಜ್ಜ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. "ನಾಳಿ ಕಟ್ಟಿಗಿ ಹೋಗ್ತೇನಿ" ಅಂದರು.

ನಾನು ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಭೂತಗನ್ನಡಿ ಕೈಯಲ್ಲಿದ್ದಾಗ ನನ್ನ ಬಾಯಿ ನಿಲ್ಲುವುದಿಲ್ಲ. "ಒಂದು ತಿಳೀವಲ್ದು ನೋಡ್ರಿ. ಈ ಕಡೆ ಹದ್ದಿನ ಗರಿ ಒಂದೊಂದೂ ಕಾಣ್ತದ. ಆ ಕಡೆ ಹೆಣ್ಣಿನ ಮುಖಕ್ಕ ಮೂಗೇ ಇಲ್ಲ. ಕಿಸೆದಾಗ ಓಡಾಡಿದ್ರ ಎರಡೂ ಕಡೆ ಸವೀಬೇಕು. ಇದನ್ನ ಯಾರೋ ಬೇಕಂತ ತಿಕ್ಯಾರ."

"ಯಾರು ತಿಕ್ತಾರ್ರಿ? ನನ್ನ ಟ್ರಂಕಿನಾಗೇ ಇರ್ತಿತ್ತು" ಅಂದರು ಅಜ್ಜ.

ಅಜ್ಜಿ ಸೆರಗು ಸರಿ ಮಾಡಿಕೊಂಡರು.

"ನಾನೇ ತಿಕ್ಕೀನಿ" ಅಂದರು ಅಜ್ಜಿ.

"ನೀನಾ?"

"ಮತ್ತೇನ್ ಮಾಡ್ಲಿ? ಲಗ್ನಾಗಿ ಬಂದು ಟ್ರಂಕ್ ತೆಗದ್ರ, ನಿಮ್ಮ ಅಂಗಿ ನಡುವ ಕೂದಲ ಹಾರಿಸ್ಕೊಂಡು, ಬಾಯಿ ತೆರಕೊಂಡು ಕುಂತಾಳ. ಹಬ್ಬ ಬಂದ್ರ ಪೈಲಾ ಆಕಿನ ತೆಗದು ನೋಡ್ತಿದ್ರಿ, ಆಮ್ಯಾಲ ನನ್ನ ಸೀರಿ. ನೀವು ಹೊಲಕ್ಕ ಹೋದ ಕೂಡಲೇ ಬೂದಿ ತಗೊಂಡು ಆಕಿ ಮೂಗು ತಿಕ್ತಿದ್ದೆ. ಹದ್ದು ನನಗೇನೂ ಮಾಡಿದ್ದಿಲ್ಲ, ಅದನ್ನ ಬಿಟ್ಟೆ."

ಸವೆತಕ್ಕೆ ನಾಣ್ಯದ ಪುಸ್ತಕಗಳಲ್ಲಿ ಎಷ್ಟೆಲ್ಲ ಹೆಸರಿವೆ. ಇಷ್ಟು ವರ್ಷದ ಈ ಸವೆತಕ್ಕೆ ಒಂದೂ ಹೊಂದುವುದಿಲ್ಲ ಅನ್ನಿಸಿತು. ಅಜ್ಜ ಹೆಂಡತಿಯನ್ನೇ ನೋಡುತ್ತಿದ್ದರು, ಆಗತಾನೇ ಪರಿಚಯವಾದವರ ಹಾಗೆ. "ಹುಚ್ಚೀ, ನಾ ಸಮುದ್ರ ನೆನಸ್ಕೊಂಡು ನೋಡ್ತಿದ್ದೆ" ಅಂದರು ಮೆತ್ತಗೆ.

ಅಜ್ಜಿಯ ಕಣ್ಣು ತುಂಬಿತ್ತು. ಸಮಾಧಾನ ಮಾಡಲು ನಾನೂ ನಡುವೆ ಬಾಯಿ ಹಾಕಿದೆ. "ಅಮ್ಮಾ, ಆಕಿ ಖರೇ ಹೆಂಗಸೇ ಅಲ್ಲರಿ. ಆ ದೇಶದವರು ಸ್ವಾತಂತ್ರ್ಯಕ್ಕ ಒಂದು ಹೆಣ್ಣಿನ ಮುಖ ಕೊಟ್ಟಾರ, ಅಷ್ಟೇ. ಅದರ ಹೆಸರು..."

"ಲಿಬರ್ಟಿ!" ಅಜ್ಜ ಉತ್ಸಾಹದಿಂದ ಮುಂದೆ ಬಾಗಿದರು. "ಆಕಿ ಹೆಸರು ಲಿಬರ್ಟಿ!"

ಅಜ್ಜಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಕೇಳಿದ್ರಿ ಅಕ್ಕೋರ? ಹೆಸರು ಇನ್ನಾ ಮರ್ತಿಲ್ಲ!"