ಆಕಾಶಕ್ಕೆ ಹೊರಟವನಿಗೆ ಹೆಣ್ಣು ಯಾರು ಕೊಡ್ತಾರೆ?

ನೌಕಾಪಡೆಯಲ್ಲಿ ವಿಮಾನ ಹಾರಿಸುವವನು ಶಿಡ್ಲಘಟ್ಟದಲ್ಲಿ ಹುಟ್ಟಬಾರದು. ಹುಟ್ಟಿದರೂ ರಜಕ್ಕೆ ಊರಿಗೆ ಬರಬಾರದು. ನನ್ನ ಹಣೆಯಲ್ಲಿ ಎರಡೂ ಬರೆದಿತ್ತು. ಎಂಬತ್ತರ ದಶಕದಲ್ಲಿ ನಾನು ಬಸ್ಸಿಂದ ಇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಕಾದು ಕೂತಿರುತ್ತಿತ್ತು.

೧. ಸಾಹೇಬರ ಅನುಮಾನ

ನಮ್ಮ ಬೀದಿಯ ಕೊನೆಗೆ ರೇಷ್ಮೆ ನೂಲು ತೆಗೆಸುತ್ತಿದ್ದ ಸಾಹೇಬರಿಗೆ ನನ್ನ ಮೇಲೆ ಬಲು ಪ್ರೀತಿ.

"ನೇವಿ ಅಂದ್ರೆ ಹಡಗಲ್ವೇನಪ್ಪಾ? ಮತ್ತೆ ವಿಮಾನ ಓಡಿಸ್ತೀನಿ ಅಂತೀಯ?"

"ವಿಮಾನ ಹಡಗಿನ ಮೇಲೇ ಇರತ್ತೆ ಸಾಹೇಬ್ರೇ. ಅಲ್ಲಿಂದ ಹಾರಿ, ವಾಪಸ್ ಅಲ್ಲೇ ಇಳೀತೀವಿ."

ಗೂಡು ಬೇಯುತ್ತಿದ್ದ ಬಾಣಲೆ ನೋಡುತ್ತಾ ಯೋಚಿಸಿದರು. "ಅಷ್ಟೊತ್ತಿಗೆ ಹಡಗು ಮುಂದಕ್ಕೆ ಹೋಗಿರಲ್ವಾ?"

"ಹೋಗಿರತ್ತೆ. ಓಡ್ತಿರೋ ಹಡಗನ್ನ ಹುಡುಕ್ಕೊಂಡು ಹೋಗಿ ಇಳೀಬೇಕು."

"ಯಾ ಅಲ್ಲಾ! ಓಡೋ ಬಸ್ ಹತ್ತಿದ್ರೆ ನಮಗೆ ಕಂಡಕ್ಟರ್ ಬೈತಾನೆ, ನಿಂಗೆ ಸರ್ಕಾರ ಸಂಬ್ಳ ಕೊಡತ್ತೆ!"

೨. ಬಾರದ ಕೇಸರಿಬಾತು

ಅಮ್ಮನಿಗೆ ನನ್ನ ಮದುವೆಯದೇ ಚಿಂತೆ. ಚಿಂತಾಮಣಿಗೆ ಹೆಣ್ಣು ನೋಡೋಕೆ ಹೋದೆವು. ಉಪ್ಪಿಟ್ಟು ಬಂತು. ಕೇಸರಿಬಾತಿನ ಘಮ ಅಡುಗೆಮನೆಯಿಂದ ಬರ್ತಾ ಇತ್ತು. ಅಷ್ಟರಲ್ಲಿ ಹುಡುಗಿಯ ತಂದೆ ಕೆಲಸದ ವಿಷಯ ಕೇಳಿದರು. ನಾನೋ ದೊಡ್ಡ ಶೂರ! ಹಡಗಿನ ಮೇಲೆ ಹೇಗೆ ಇಳೀತೀವಿ, ಅಲೆ ಎದ್ದರೆ ಹಡಗು ಹೇಗೆ ವಾಲಾಡತ್ತೆ ಅಂತ ಕೈಯಾಡಿಸಿ ತೋರಿಸಿದೆ.

"ಅಯ್ಯೋ ದೇವುಡಾ! ಕೆಳಗೆ ನೀರು, ಮೇಲೆ ಗಾಳಿ. ನಮ್ ಹುಡುಗಿ ಸಂಸಾರ ಎಲ್ಲಪ್ಪ ಮಾಡ್ಬೇಕು?"

ಘಮ ಬಂದಿದ್ದೇ ಬಂತು, ಕೇಸರಿಬಾತು ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು: "ಇನ್ಮೇಲೆ ಹೆಣ್ಣಿನ ಕಡೆಯೋರ ಮುಂದೆ ನೀನು ಬಾಯಿ ಬಿಡ್ಕೂಡ್ದು. ನಾನು, ನಮ್ ಬೀದಿಯೋರು ನೋಡ್ಕೋತೀವಿ."

೩. ಬೀದಿಯೋರು ನೋಡಿಕೊಂಡರು

ಆಮೇಲೆ ಗಗನಯಾತ್ರಿಗಳ ಆಯ್ಕೆ ಶುರುವಾಯಿತು. ಓಟ, ರಕ್ತಪರೀಕ್ಷೆ, ಗಿರಗಿರ ತಿರುಗಿಸುವ ಯಂತ್ರ, ಎಲ್ಲ ದಾಟಿದೆ. ಚಿಕ್ಕಂದಿನಿಂದ ನನಗೆ ಬೇಕಾಗಿದ್ದುದು ಅದೊಂದೇ. ಉಳಿದದ್ದು ಗುಟ್ಟಿನ ವಿಚಾರಣೆ ಮತ್ತು ಕೊನೆಯ ಸಂದರ್ಶನ. ಅಧಿಕಾರಿಯೊಬ್ಬರು ಮಫ್ತಿಯಲ್ಲಿ ಊರಿಗೆ ಹೋಗಿ ಹುಡುಗ ಎಂಥವನು ಅಂತ ಕೇಳಿಕೊಂಡು ಬರೋದು.

ರಜಕ್ಕೆ ಹೋದರೆ ಅಮ್ಮ ಹಿಗ್ಗಿ ಹೀರೇಕಾಯಿ ಆಗಿದ್ದಳು. "ಹೆಣ್ಣಿನ ಕಡೆಯೋರು ಬಂದಿದ್ರು ಕಣೋ! ಸಫಾರಿ ಹಾಕಿದ್ರು, ಒಳ್ಳೇ ಜನ. ಬೀದೀಲೆಲ್ಲ ನಿನ್ನ ವಿಚಾರಿಸಿದ್ರು."

ಸಫಾರಿ ಅಂದ ಕೂಡಲೇ ಯಾರು ಅಂತ ನನಗೆ ಹೊಳೆಯಿತು. "ಏನ್ ಹೇಳಿದ್ರಿ?"

"ಪಕ್ಕದ ಮನೆ ಅತ್ತೆ, 'ಹುಡುಗಂಗೆ ಅಟ್ಟ ಹತ್ತಿದ್ರೂ ತಲೆ ಸುತ್ತತ್ತೆ, ಆಕಾಶದ ಸಹವಾಸ ಸಾಕಾಗಿದೆ' ಅಂದ್ರು. ಸಾಹೇಬ್ರು, 'ಮದ್ವೆ ಆದ್ಮೇಲೆ ವಿಮಾನ ಬಿಟ್ಟು ನನ್ ಜೊತೆ ರೇಷ್ಮೆ ವ್ಯಾಪಾರಕ್ಕೆ ಕೂತ್ಕೋತಾನೆ' ಅಂದ್ರು."

"ನೀನು?"

"ನಾನು ಜಾಸ್ತಿ ಮಾತಾಡ್ಲಿಲ್ಲಪ್ಪ. ಕುಡಿಯಲ್ಲ, ಕತ್ತಲಾದ್ಮೇಲೆ ಮನೆ ಬಿಟ್ಟು ಆಚೆ ಕಾಲಿಡಲ್ಲ ಅಂದೆ, ಅಷ್ಟೆ."

"ಅಮ್ಮಾ! ಅವರು ನನ್ನ ಆಕಾಶದಾಚೆ ಕಳಿಸೋಕೆ ವಿಚಾರಿಸ್ತಿದ್ದೋರು!"

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಾಗಾದ್ರೆ ಹೇಳಿದ್ದು ಒಳ್ಳೇದೇ ಆಯ್ತು."

೪. ಕೊನೆಯ ಸಂದರ್ಶನ

ಎಲ್ಲ ಮುಗಿಯಿತು ಅಂದುಕೊಂಡೇ ಒಳಗೆ ಹೋದೆ. "ಅಟ್ಟ ಹತ್ತಿದರೆ ತಲೆ ಸುತ್ತುತ್ತಂತೆ?" ಅಂತ ಅಧ್ಯಕ್ಷರು ಶುರು ಮಾಡಿದರು. ಸಫಾರಿಯವರು ಪಕ್ಕದಲ್ಲೇ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಬಾರದ ಕೇಸರಿಬಾತಿನಿಂದ ಹಿಡಿದು ಎಲ್ಲ ಒದರಿಬಿಟ್ಟೆ.

"ಸಾರ್, ಗುರುತಿಲ್ಲದೋರು ಬಂದು ಹುಡುಗ ಹೇಗೆ, ಕುಡೀತಾನಾ ಅಂತ ಕೇಳಿದ್ರೆ ನಮ್ಮೂರಲ್ಲಿ ಅದು ಮದುವೆ ವಿಚಾರಾನೇ. ಪಾಪ, ಅವರು ನನಗೆ ಹೆಣ್ಣು ಕೊಡಿಸೋಕೆ ಒದ್ದಾಡಿದಾರೆ."

ಅಧ್ಯಕ್ಷರು ನಕ್ಕು ನಕ್ಕು ಮೇಜು ಗುದ್ದಿದರು. ಮರುದಿನ ಇನ್ನೊಮ್ಮೆ ಯಂತ್ರದಲ್ಲಿ ತಿರುಗಿಸಿ, ತಲೆ ಸುತ್ತಲಿಲ್ಲ ಅಂತ ಖಾತ್ರಿಯಾದ ಮೇಲೆ ತರಬೇತಿಗೆ ಆರಿಸಿದರು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು.

ಹೊರಗೆ ಬಂದರೆ ಹಿಂದೆಯೇ ಸಫಾರಿಯವರು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು: "ಅದೆಲ್ಲ ಸುಳ್ಳು, ಸರಿ. ಕುಡಿಯಲ್ಲ ಅಂದಿದ್ದಾದ್ರೂ ನಿಜಾನಾ?"

"ನಿಜ ಸಾರ್. ಯಾಕೆ?"

"ನನಗೊಬ್ಬಳು ಮಗಳಿದಾಳೆ."

ಊರಿಗೆ ಹೋಗಿ ಅಮ್ಮನಿಗೆ ಎರಡೂ ಸುದ್ದಿ ಹೇಳಿದೆ. ಆಕಾಶದ ಸುದ್ದಿ ಅವಳ ಕಿವಿಗೇ ಬೀಳಲಿಲ್ಲ. ಬಾಗಿಲಿಗೆ ಓಡಿ ಇಡೀ ಬೀದಿಗೆ ಕೇಳೋ ಹಾಗೆ ಕೂಗಿದಳು:

"ನಾನ್ ಹೇಳ್ಲಿಲ್ವಾ, ಬಂದಿದ್ದು ಹೆಣ್ಣಿನ ಕಡೆಯೋರೇ ಅಂತ!"