ಆಟದ ಬಯಲಿಗೊಂದು ಬೇಲಿ

ನಮ್ಮ ಗಲ್ಲಿಯ ಕೊನೆಯಲ್ಲಿರುವ ಆಟದ ಬಯಲಿನಲ್ಲಿ ನನ್ನ ಮಗನ ಪ್ರಾಣ ತೆಗೆಯಬಲ್ಲ ವಸ್ತುಗಳು ಒಟ್ಟು ಹದಿನೇಳು. ಅಂದಾಜಿನ ಮಾತಲ್ಲ, ಎಣಿಸಿದ್ದೇನೆ. ತುಕ್ಕು ಹಿಡಿದ ಜಾರುಬಂಡೆ ಒಂದು. ಅದರ ಪಕ್ಕದ ಮಾವಿನ ಮರ ಎರಡು (ಮರ ಒಂದೇ, ಆದರೆ ಹತ್ತಲೂ ಬಹುದು, ಬೀಳಲೂ ಬಹುದು). ಪಕ್ಕದ ಮನೆ ಬು ದರ್ಮಿಯವರ ಹುಂಜ ಮೂರು. ಹೀಗೆ ಪಟ್ಟಿ ಬೆಳೆಯುತ್ತದೆ.

ಈ ಪಟ್ಟಿಯನ್ನು ನನ್ನ ಗಂಡ ಹಂದೊಕೊ ಅವರಿಗೆ ಓದಿ ಹೇಳಿದೆ. ಅವರು ಬಾಟಿಕ್ ಬಟ್ಟೆಯಂಗಡಿಯಲ್ಲಿ ಲೆಕ್ಕಿಗರು, ಅಪ್ಪಟ ಸೋಲೋ ಊರಿನವರು. ಈ ಊರಿನವರು ಮಳೆ ಬಂದರೂ ಓಡುವುದಿಲ್ಲ. ಮಳೆಗೆ ಬೇಜಾರಾದೀತೆಂದು ನಿಧಾನಕ್ಕೆ ನಡೆಯುತ್ತಾರೆ.

"ದಿಕ್, ನಾನೂ ಅಲ್ಲೇ ಆಡಿ ಬೆಳೆದವನು," ಅಂದರು, ಚಹಾ ಊದುತ್ತ. ಇಲ್ಲಿ ಗಂಡ ಹೆಂಡತಿಯನ್ನು ದಿಕ್ ಎನ್ನುತ್ತಾನೆ, ಹೆಂಡತಿ ಗಂಡನನ್ನು ಮಾಸ್.

"ಗೊತ್ತು ಮಾಸ್. ನಿಮ್ಮನ್ನ ನೋಡಿದಾಗೆಲ್ಲ ತಲೆಗೆ ಎಲ್ಲೋ ಪೆಟ್ಟಾಗಿದೆ ಅನ್ಸುತ್ತೆ."

"ಬಿದ್ದಿದ್ದು ಒಂದೇ ಸಲ. ನಿನ್ನ ಪ್ರೀತಿಯಲ್ಲಿ."

ಜಕಾರ್ತದಲ್ಲಿ ಓದಿದ ನನ್ನಂಥವಳು ಇಂಥವರನ್ನು ಕಟ್ಟಿಕೊಂಡು ಎಂಟು ವರ್ಷದ ನವಾಂಗ್, ಮೂರು ವರ್ಷದ ಗಲಿಹ್ ಎಂಬ ಎರಡು ಗಾಳಿಪಟಗಳನ್ನು ಹೇಗೆ ಹಿಡಿದಿಡಲಿ, ನೀವೇ ಹೇಳಿ. ನವಾಂಗ್ ಹೇಗೋ ಇಷ್ಟು ದೊಡ್ಡವಳಾದಳು. ಆದರೆ ಗಲಿಹ್ ಏಣಿ ಕಂಡರೆ ಸಾಕು, ಮೇಲೆ ಯಾರೋ ಕರೆದಂತೆ ಹತ್ತುತ್ತಾನೆ. ಅವನು ಬಯಲಿಗೆ ಹೋದಾಗೆಲ್ಲ ನಾನೂ ಹಿಂದೆ ಹೋಗಿ, "ಹುಷಾರು! ಕಾಲು! ಆ ಕಾಲಲ್ಲ, ಇನ್ನೊಂದು ಕಾಲು!" ಎಂದು ಕೂಗುತ್ತ ನಿಲ್ಲುತ್ತೇನೆ. ಸಂಜೆಗೆ ಅವನಿಗೆ ಹಸಿವು, ನನಗೆ ಗಂಟಲು ನೋವು.

ಹೀಗಿರುವಾಗ ನಮ್ಮ ವಾರ್ಡಿನ ಹಿರಿಯ ಪಾಕ್ ಸುಮಿತ್ರೊ ಒಂದು ಕಾಗದ ಹಿಡಿದು ಬಂದರು. ನಗರದವರು ಈ ವರ್ಷ ಬಯಲನ್ನು ಹೊಸದಾಗಿ ಕಟ್ಟಿಸಿಕೊಡುತ್ತಾರಂತೆ. ಆದರೆ ಹೇಗಿರಬೇಕು ಎಂದು ಬಳಸುವವರೇ, ಅಂದರೆ ಮಕ್ಕಳೂ ಮನೆಯವರೂ ಕೂತು ತೀರ್ಮಾನಿಸಬೇಕಂತೆ. ಸಭೆಯ ಮೊದಲ ಒಂದು ಗಂಟೆ ಹದಿನೆಂಟು ತುಂಬದವರು ಮಾತ್ರ ಬಾಯಿ ತೆರೆಯಬಹುದು.

"ದೊಡ್ಡವರು ಏನು ಮಾಡಬೇಕು, ಪಾಕ್?" ಕೇಳಿದೆ.

"ಬಾಯಿ ತೆರೀಬಹುದಮ್ಮ. ತಿನ್ನೋಕೆ."

ಅವರು ಹೊಸಿಲು ದಾಟುವ ಮೊದಲೇ ನನ್ನ ತಲೆಯಲ್ಲಿ ಮಹಾಯೋಜನೆಯೊಂದು ಉದಯಿಸಿತು. ನನ್ನ ಬಾಯಿ ಕಟ್ಟಿದರೇನಂತೆ? ನಾನು ಹೆತ್ತ ಬಾಯಿ ಇನ್ನೊಂದಿದೆಯಲ್ಲ!

ಐದು ದಿನ ನವಾಂಗಳಿಗೆ ತರಬೇತಿ ನಡೆಯಿತು. ಭಾಷಣ ನಾನೇ ಬರೆದೆ. ಬೇಡಿಕೆ ಒಂದೇ: ಬೇಲಿ. ಜಾರುಬಂಡೆಯ ಸುತ್ತ, ಮರದ ಸುತ್ತ, ಇಡೀ ಬಯಲಿನ ಸುತ್ತ. ತಾಯಿ ಬಂದು ಬಾಗಿಲು ತೆಗೆಯದೆ ಒಂದು ಮಗುವೂ ಯಾವುದನ್ನೂ ಹತ್ತುವಂತಿಲ್ಲ.

"ಇಬು, 'ನಾಗರಿಕ ಸಮಾಜದ ಅಡಿಪಾಯ' ಅಂದ್ರೇನು?" ಕೇಳಿದಳು ನವಾಂಗ್. ಇಬು ಅಂದರೆ ಅಮ್ಮ, ನಾನೇ.

"ಅದೆಲ್ಲ ಗೊತ್ತಾಗೋದು ಬೇಡ ಮಗಳೇ, ಹೇಳಿದ್ರೆ ಸಾಕು. ಚೆನ್ನಾಗಿ ಹೇಳಿದ್ರೆ ಸಿಹಿ ಮರ್ತಬಾಕ್ ಕೊಡಿಸ್ತೀನಿ. ಚೀಸ್ ಹಾಕಿದ್ದು."

"ಚಾಕೊಲೇಟೂ?"

ಒಪ್ಪಿದೆ. ದೊಡ್ಡ ಕೆಲಸಗಳಿಗೆ ದೊಡ್ಡ ತ್ಯಾಗ ಬೇಕಾಗುತ್ತದೆ.

ಭಾನುವಾರ ವಾರ್ಡಿನ ಚಾವಡಿಯಲ್ಲಿ ಸಭೆ. ಮಕ್ಕಳು ಮುಂದೆ, ಚಾಪೆಯ ಮೇಲೆ. ನಾವು ಹಿಂದೆ, ತಿಂಡಿ ಪೊಟ್ಟಣದ ಮುಂದೆ. ಬಾಳೆಯೆಲೆಯಲ್ಲಿ ಸುತ್ತಿದ ಅನ್ನದ ಉಂಡೆ, ಬೇಯಿಸಿದ ಶೇಂಗಾ, ಸಕ್ಕರೆ ಪಾಕದಂಥ ಚಹಾ. ಸಭೆ ನಡೆಸಿದ್ದು ನಮ್ಮ ಗಲ್ಲಿಯದೇ ಹುಡುಗಿ ಲಿಂತಾಂಗ್, ವಯಸ್ಸು ಹದಿನೇಳು. ಒಬ್ಬೊಬ್ಬ ಮಗುವಿಗೂ ಐದೈದು ಜೋಳದ ಕಾಳು ಹಂಚಿದಳು. ಒಂದೊಂದು ಸಲಹೆಗೂ ಒಂದೊಂದು ಬಟ್ಟಲು. ಇಷ್ಟವಾದ ಬಟ್ಟಲಿಗೆ ಕಾಳು ಹಾಕಬೇಕು.

ನವಾಂಗ್ ಎದ್ದು ನಿಂತಳು.

"ಸನ್ಮಾನ್ಯ ಸಭಿಕರೇ! ಮಕ್ಕಳ ಸುರಕ್ಷತೆಯೇ ನಾಗರಿಕ ಸಮಾಜದ ಅಡಿಪಾಯ. ಆದಕಾರಣ ಬಯಲಿನ ಸುತ್ತ ಬೇಲಿ ಬೇಕು." ಒಂದಕ್ಷರ ತಪ್ಪಲಿಲ್ಲ. ನಾನು ಶೇಂಗಾ ಸಿಪ್ಪೆ ಸಮೇತ ನುಂಗಿದೆ, ಸಂತೋಷಕ್ಕೆ.

ಲಿಂತಾಂಗ್ ನಕ್ಕಳು. "ತುಂಬ ಚೆನ್ನಾಗಿ ಹೇಳಿದೆ. ಈಗ ನಿಂಗೆ ಏನನ್ಸುತ್ತೆ, ಅದನ್ನ ಹೇಳು. ಬೇಲಿ ಯಾಕೆ ಬೇಕು?"

ನವಾಂಗ್ ಹಿಂದೆ ತಿರುಗಿ ನನ್ನನ್ನು ನೋಡಿದಳು. ಇದಕ್ಕೆ ತರಬೇತಿ ಆಗಿರಲಿಲ್ಲ.

"ನಮ್ಮಿಬುಗೆ ಭಯ, ಅಕ್ಕ. ನಾವು ಬೀಳ್ತೀವಿ ಅಂತ."

"ಹೌದಾ? ಬಿದ್ದಿದ್ದೀರಾ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. (ಮಕ್ಕಳಿಗೆ ಪ್ರಾಮಾಣಿಕತೆ ಕಲಿಸಬೇಡಿ. ಕಲಿಸಿದರೂ ಸಭೆಗೆ ಕರೆದೊಯ್ಯಬೇಡಿ.) "ಸುಮ್ನೆ ಆಡೋವಾಗ ಬೀಳಲ್ಲ. ಇಬು 'ಹುಷಾರು' ಅಂತ ಕೂಗ್ದಾಗ ಬೀಳ್ತೀವಿ. ಏನಾಯ್ತು ಅಂತ ಹಿಂದೆ ತಿರುಗಿ ನೋಡ್ಬೇಕಲ್ಲ?"

"ನಾನೂ ಹಂಗೇ ಬಿದ್ದಿದ್ದು!" ಅಂದಿತು ಮೂಲೆಯ ಒಂದು ಮಗು.

"ನಾನೂ! ನಂಗೆ ಅವ್ರು ಅಮ್ಮನೂ ಅಲ್ಲ, ಆದ್ರೂ ಕೂಗಿದ್ರು!"

ಇಡೀ ಬಾಲಸಭೆ ಸಾಕ್ಷಿ ನುಡಿಯತೊಡಗಿತು. ನಾನು ಬಾಯಿ ತೆರೆದೆ. ಪಾಕ್ ಸುಮಿತ್ರೊ ಗೋಡೆ ಗಡಿಯಾರ ತೋರಿಸಿ, ನನ್ನ ತೆರೆದ ಬಾಯಿಗೆ ಸರಿಯಾಗಿ ಇನ್ನೊಂದು ಅನ್ನದ ಉಂಡೆ ಮುಂದೆ ತಳ್ಳಿದರು.

"ಹಾಗಾದ್ರೆ ಏನು ಮಾಡೋಣ?" ಲಿಂತಾಂಗ್ ಕೇಳಿದಳು.

"ಬೇಲಿ ಇರ್ಲಿ," ಅಂದಳು ನನ್ನ ಮಗಳು, ಮರ್ತಬಾಕ್ ನೆನೆದೋ ಏನೋ. "ಆದ್ರೆ ಅಮ್ಮಂದಿರ ಸುತ್ತ ಹಾಕಿ. ಒಳಗೆ ಬೆಂಚು, ನೆರಳು, ಚಹಾ. ಚಿಲಕ ಮಾತ್ರ ನಮ್ ಕಡೆ."

ಆ ಬಟ್ಟಲು ತುಂಬಿ ಕಾಳು ಚಾಪೆಯ ಮೇಲೆಲ್ಲ ಚೆಲ್ಲಿತು.

ದೊಡ್ಡವರ ಸರದಿ ಬಂತು. ಇಲ್ಲಾದರೂ ನ್ಯಾಯ ಸಿಕ್ಕೀತೆಂದು ಕಾದೆ. ಆದರೆ ನಮ್ಮ ಗಲ್ಲಿಯಲ್ಲಿ ಸಭೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಎಲ್ಲರೂ ತಲೆ ತಗ್ಗಿಸಿ "ಆಗಲಿ, ಆಗಲಿ" ಎನ್ನುತ್ತಾರೆ. ಮನೆಗೆ ಹೋಗಿ ಮೂರು ವಾರ ಆರಾಮಾಗಿ ಬೇಡ ಅನ್ನುತ್ತಾರೆ. ಇನ್ನೊಂದು ಪದ್ಧತಿಯೂ ಇದೆ: ಯಾರು ಮೊದಲು ಬಾಯಿ ಬಿಡುತ್ತಾರೋ ಕೆಲಸ ಅವರ ಕೊರಳಿಗೆ. ಹುಟ್ಟಿದಾರಭ್ಯ ಇದನ್ನು ಬಲ್ಲವರು ಶೇಂಗಾ ಸುಲಿಯುತ್ತ ಕೂತಿದ್ದರು. ಜಕಾರ್ತದಲ್ಲಿ ಓದಿದವಳು ಕೈಯೆತ್ತಿದಳು.

"ಪಾಕ್, ಈ ಬೇಲಿ ವಿಷಯದಲ್ಲಿ ನನ್ನದೊಂದು ಮಾತು..."

ಚಾವಡಿಯ ತುಂಬ ನೆಮ್ಮದಿಯ ಉಸಿರು. ಪಾಕ್ ಸುಮಿತ್ರೊ ಕೈ ಮುಗಿದರು. "ನೋಡಿ, ಎಂಥ ಕಾಳಜಿ! ಬೇಲಿಯ ಉಸ್ತುವಾರಿ ನವಾಂಗಳ ತಾಯಿಗೇ ಇರಲಿ."

"ಆಗಲಿ, ಆಗಲಿ!" ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬು ದರ್ಮಿ. ಅವರ ಹುಂಜ ನನ್ನ ಪಟ್ಟಿಯಲ್ಲಿದ್ದ ಸಿಟ್ಟು.

ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. "ನೀವಾದ್ರೂ ಒಂದು ಮಾತು ಆಡ್ಬಾರದಿತ್ತಾ ಮಾಸ್?"

"ಬೇಲಿ ಬೇಕು ಅಂದೆ, ಸಿಕ್ತಲ್ಲ ದಿಕ್."

"ಮಕ್ಕಳ ಸುತ್ತ ಬೇಕಿತ್ತು!"

"ಬಿದಿರು ಒಂದೇ ತಾನೆ. ಯಾರು ಒಳಗೆ, ಯಾರು ಹೊರಗೆ ಅನ್ನೋದು ನಿಂತಿರೋ ಕಡೆಯಿಂದ ನೋಡಿದ್ರೆ ಗೊತ್ತಾಗುತ್ತೆ."

ಇಂಥ ವೇದಾಂತಿಯ ಜೊತೆ ಜಗಳವಾಡುವುದು ಮೆತ್ತೆಗೆ ಗುದ್ದಿದಂತೆ. ಪೆಟ್ಟೂ ಆಗುವುದಿಲ್ಲ, ಸದ್ದೂ ಬರುವುದಿಲ್ಲ.

ಮೂರು ತಿಂಗಳು ಉಸ್ತುವಾರಿ ನಡೆಸಿದೆ. ಬಿದಿರು ಆರಿಸಿದವಳು ನಾನು, ಹಗ್ಗ ಎಳೆದು ಅಳೆದವಳು ನಾನು, ಚಿಲಕ ಗಟ್ಟಿಯಾಗಿದೆಯೇ ಎಂದು ಒಳಗೆ ನಿಂತು ತಳ್ಳಿ ನೋಡಿದವಳೂ ನಾನೇ. ತನ್ನ ಸೆರೆಮನೆಗೆ ತಾನೇ ಇಷ್ಟು ಅಚ್ಚುಕಟ್ಟಾಗಿ ಗಾರೆ ಮೆತ್ತಿದ ಕೈದಿ ಇತಿಹಾಸದಲ್ಲಿ ಇದ್ದಿರಲಾರಳು. ಬಣ್ಣ ಮಕ್ಕಳೇ ಬಳಿದರು, ಹಳದಿ. ಮೇಲೊಂದು ಹಲಗೆ: "ಅಮ್ಮಂದಿರ ಕಟ್ಟೆ. ಕೂಗುವಂತಿಲ್ಲ."

ಉದ್ಘಾಟನೆಗೆ ನಗರದಿಂದ ಅಧಿಕಾರಿಯೊಬ್ಬರು ಬಂದರು. ಗೋಪುರದಂತೆ ಒಟ್ಟಿದ ಹಳದಿ ಅನ್ನ ಬಂತು. ಉಸ್ತುವಾರಿಯ ಘನತೆಗೆಂದು ನಾನು ಕೆಬಾಯಾ ರವಿಕೆ ತೊಟ್ಟು, ಕೆಳಗೆ ಬಾಟಿಕ್ ಬಟ್ಟೆ ಬಿಗಿಯಾಗಿ ಸುತ್ತಿದ್ದೆ. ಅದನ್ನು ಸುತ್ತಿದರೆ ಹೆಜ್ಜೆ ಒಂದು ಗೇಣಿಗಿಂತ ಹೆಚ್ಚಿಗೆ ಬೀಳದು. ಅಮ್ಮಂದಿರೆಲ್ಲ ಬೇಲಿಯೊಳಗೆ ಕೂತೆವು. ನವಾಂಗ್ ಬಂದು ಚಿಲಕ ಹಾಕಿದಳು.

ಗಲಿಹ್ ನೇರವಾಗಿ ಹೊಸ ಜಾರುಬಂಡೆಯ ಏಣಿಗೆ ನಡೆದ. ಒಂದು ಮೆಟ್ಟಿಲು. ಎರಡು. ನಾನು ಬು ದರ್ಮಿಯ ತೊಡೆ ಚಿವುಟಿ ಹಿಡಿದೆ.

"ಅಯ್ಯೋ, ಬಿಡೀಮ್ಮ! ನನ್ನ ಐದೂ ಮಕ್ಕಳು ಮರದ ಮೇಲೇ ಬೆಳೆದ್ವು."

(ಅದಕ್ಕೇ ಹಾಗಿದ್ದಾರೆ, ಅಂದುಕೊಂಡೆ.)

ಮೂರು. ನಾಲ್ಕು. ತುದಿಯಲ್ಲಿ ನಿಂತು ನನ್ನ ಕಡೆ ತಿರುಗಿ, ನನ್ನ ಬಂಗಾರ ಎರಡೂ ಕೈ ಬಿಟ್ಟು ಬೀಸಿದ.

ಹಲಗೆಯ ಆಜ್ಞೆ ಮೀರಲಿಲ್ಲ, ಕೂಗಲಿಲ್ಲ. ಹಾರಿದೆ. ಬೇಲಿ ಸೊಂಟದೆತ್ತರ, ಹೆಜ್ಜೆ ಒಂದು ಗೇಣು. ಮುಂದಿನದನ್ನು ಗಣಿತ ಬಲ್ಲವರು ಊಹಿಸಿಕೊಳ್ಳಿ. ಬಲಗೈ ಮೊದಲು ನೆಲ ಮುಟ್ಟಿತು, ಉಳಿದ ನಾನು ಅದರ ಮೇಲೆ ಬಂದೆ. ಅಷ್ಟರಲ್ಲಿ ಗಲಿಹ್ ಸುಯ್ಯನೆ ಜಾರಿ ಕೆಳಗೆ ಬಂದು, ನನ್ನನ್ನು ನೋಡಿ ಕೇಕೆ ಹಾಕಿದ: "ಇಬು, ಇನ್ನೊಂದ್ಸಲ!"

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ನಾಲ್ಕು ಮಕ್ಕಳು ಓಡಿ ಬಂದರು. ನವಾಂಗ್ ನನ್ನ ಹಣೆ ಸವರಿ, "ಹೆದರ್ಬೇಡಿ ಇಬು, ಉಸಿರು ತಗೊಳ್ಳಿ," ಅಂದಳು. ಅವಳು ನೋಡುತ್ತಿದ್ದುದು ನನ್ನ ಕೈಯನ್ನಲ್ಲ, ನನ್ನ ಮುಖವನ್ನು. ಆ ಒಂದು ಕ್ಷಣ, ಮೂರು ವರ್ಷದಿಂದ ನನ್ನ ಹೊಟ್ಟೆಯಲ್ಲಿ ಕೂತಿದ್ದ ಭಯ ಅವಳ ಕಣ್ಣಲ್ಲಿ ಕಂಡು, ಪಾಪ ಅನ್ನಿಸಿತು. ಮುರಿದ ಕೈ ನೋಯತೊಡಗಿದ್ದು ಆಮೇಲೆ.

ತಿಂಗಳು ಕಳೆದ ಮೇಲೆ ಅದೇ ಚಾವಡಿಯಲ್ಲಿ ಪರಿಶೀಲನಾ ಸಭೆ. ಲಿಂತಾಂಗ್ ದಾಖಲೆ ಓದಿದಳು: "ಮೂವತ್ತು ದಿನ. ಪೆಟ್ಟಾದ ಮಕ್ಕಳು: ಇಲ್ಲ. ಪೆಟ್ಟಾದ ಅಮ್ಮಂದಿರು: ಒಬ್ಬರು. ಹಾಗಾದ್ರೆ ನಮ್ಮ ಯೋಜನೆಯಲ್ಲಿ ಏನೋ ಲೋಪ ಇದೆ. ಏನದು?"

ನನ್ನ ಮನಸ್ಸು ಅರಳಿತು. ಇಗೋ, ಈಗ ಬೇಲಿ ಕಿತ್ತರು!

ನವಾಂಗ್ ಎದ್ದಳು. ಈ ಸಲ ಚೀಟಿ ಇರಲಿಲ್ಲ, ಮರ್ತಬಾಕೂ ಇರಲಿಲ್ಲ. "ಬೇಲಿ ಸೊಂಟದಷ್ಟೇ ಇರೋದ್ರಿಂದ ಹಾರ್ಬಹುದು ಅಂತ ಇಬುಗೆ ಅನ್ಸಿತು. ನಮ್ಮಿಬು ಮತ್ತೆ ಬಿದ್ರೆ ನಂಗೆ ತುಂಬ ಭಯ ಆಗುತ್ತೆ. ಇನ್ನೂ ಎರಡಡಿ ಎತ್ತರ ಮಾಡಿ."

"ಎಲ್ಲರಿಗೂ ಒಪ್ಪಿಗೆ ತಾನೆ?" ಪಾಕ್ ಸುಮಿತ್ರೊ ಕೇಳಿದರು.

"ಆಗಲಿ, ಆಗಲಿ."

ಸಾಲು ಸಾಲಾಗಿ ಕೈಗಳು ಎದ್ದವು. ನನ್ನ ಗಂಡನದೂ ಎದ್ದಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ಬಲಗೈಗೆ ಪಟ್ಟಿ ಕಟ್ಟಿತ್ತು, ಎಡಗೈ ಎತ್ತಿದೆ.